ಹೆಲ್ಪರ್ ಇಲ್ಲದ ನೆಲಮಾಳಿಗೆ

ಅಪ್ಪ ಗಲ್ಫಿನಿಂದ ತಂದ ಕಂಪ್ಯೂಟರನ್ನು ನಾವು ಯಾರೂ ಕಂಪ್ಯೂಟರ್ ಎಂದು ಕರೆದದ್ದಿಲ್ಲ. ನಮ್ಮ ಬಾಯಲ್ಲಿ ಅದು ಬರೀ ‘ಕೀಬೋರ್ಡು’. ಟಿವಿಗೆ ಒಂದು ವಯರು, ಟೇಪ್ ರೆಕಾರ್ಡರಿಗೆ ಒಂದು ವಯರು. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಅದು ಬಹಳ ಹೊತ್ತು ಕಿವಿ ಹರಿಯುವ ಹಾಗೆ ಕಿರುಚಿ, ಮನಸ್ಸಾದರೆ ಆಟ ಶುರು ಮಾಡುತ್ತಿತ್ತು. ಅಪ್ಪ ಕೆಲಸಕ್ಕಿದ್ದ ಕಂಪೆನಿ ಮುಚ್ಚಿದಾಗ ಮಾಲೀಕರ ಮಗ ತನಗೆ ಹಳತಾಯಿತೆಂದು ಕೊಟ್ಟದ್ದಂತೆ.

“ಇಷ್ಟು ವರ್ಷದ ಚಾಕರಿಗೆ ಒಂದು ಆಟದ ಸಾಮಾನು” ಎಂದು ಅಮ್ಮ ಬೀಡಿ ಸುತ್ತುತ್ತಲೇ ಹೇಳಿದರು. ಅಮ್ಮನ ನಾಲಿಗೆ ಹರಿತ. ನನಗೂ ಅದೇ ಬಂದಿದೆ ಎಂದು ನೆಂಟರೆಲ್ಲ ಹೇಳುತ್ತಾರೆ.

ಅದು ಎಂಬತ್ತರ ದಶಕದ ನಡುಭಾಗ. ಕಾಪುವಿನ ನಮ್ಮ ಮನೆಗೆ ಬಣ್ಣದ ಟಿವಿ ಹಿಂದಿನ ರಜೆಯಲ್ಲೇ ಬಂದಿತ್ತು, ಕಾರ್ಯಕ್ರಮ ಮಾತ್ರ ಬಂದಿರಲಿಲ್ಲ. ಅಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಕಾಣುತ್ತಿದ್ದದ್ದು ಚುಕ್ಕೆಗಳ ಕುಣಿತ. ಅದರಲ್ಲಿ ಕಣ್ಣಿಗೆ ಕಂಡ ಮೊದಲ ಚಿತ್ರವೆಂದರೆ ಈ ಆಟದ ನೆಲಮಾಳಿಗೆ. ಕತ್ತಲೆಯ ಕೋಣೆಗಳು, ಕೆಳಗಿಳಿಯುವ ಮೆಟ್ಟಿಲು, ಇಳಿದಷ್ಟೂ ದೊಡ್ಡದಾಗುವ ಭೂತ ಪ್ರೇತಗಳು. ಬರಹವೆಲ್ಲ ಇಂಗ್ಲಿಷ್. ನಾನಾಗ ಉಡುಪಿಯಲ್ಲಿ ಪಿಯುಸಿ ಓದುತ್ತಿದ್ದೆ. ಹಾಗಾಗಿ ಓದಿ ಹೇಳುವವಳು ನಾನು, ಆಡುವವರು ಅಪ್ಪ.

ಆಟ ಮೊದಲು ಕೇಳುವುದೇ ನೀನು ಯಾರು ಎಂದು. ಯೋಧ, ಪುರೋಹಿತ, ಕಳ್ಳ, ಮಂತ್ರವಾದಿ, ಈ ನಾಲ್ವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ನಾನು ಎಷ್ಟು ವಿವರಿಸಿದರೂ ಅಪ್ಪನಿಗೆ ಅರ್ಥವಾದದ್ದು ಒಂದೇ ರೀತಿಯಲ್ಲಿ.

“ಓ, ವೀಸಾ” ಎಂದರು. “ಯಾರು ಯಾವ ವೀಸಾದಲ್ಲಿ ಬಂದವ ಅಂತ ಕೇಳುವುದು ಅದು. ನಮಗೆ ಏರ್‌ಪೋರ್ಟಿನಲ್ಲಿ ಕೇಳ್ತಾರಲ್ಲ, ಹಾಗೆ.”

ಗಲ್ಫಿನ ವೀಸಾದಲ್ಲಿ ಆಳಿನ ಕಸುಬು ಬರೆದಿರುತ್ತದೆ. ಮೇಸ್ತ್ರಿ, ಬಡಗಿ, ವೆಲ್ಡರ್, ಡ್ರೈವರ್. ಎಲ್ಲರಿಗಿಂತ ಕೆಳಗೆ ಹೆಲ್ಪರ್. ಹೇಳಿದ್ದನ್ನು ಹೊರುವುದು, ಕೊಟ್ಟದ್ದನ್ನು ಹಿಡಿಯುವುದು, ಕರೆಯುವವರೆಗೆ ಪಕ್ಕದಲ್ಲಿ ನಿಲ್ಲುವುದು ಅವನ ಕೆಲಸ. ಅಪ್ಪ ಹೋದದ್ದು ಹೆಲ್ಪರ್ ಆಗಿ, ಬಂದದ್ದೂ ಹಾಗೆಯೇ.

“ಹೆಲ್ಪರ್ ಇಲ್ವಾ ಇದರಲ್ಲಿ?”

“ಇಲ್ಲಪ್ಪ.”

“ಹಾಗಾದರೆ ಸಾಮಾನು ಹೊರುವುದು ಯಾರು?”

ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ತಮಾಷೆ ಮಾಡಿದ್ದಲ್ಲ ಎಂದು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು.

ಆದರೆ ಆಟದಲ್ಲಿ ಅಪ್ಪ ನನಗಿಂತ ಬಹಳ ಜಾಣ. ಯಾರನ್ನು ಎಷ್ಟು ಆಳಕ್ಕೆ ಕರೆದುಕೊಂಡು ಹೋಗಬಹುದು ಎಂಬ ಲೆಕ್ಕ ಅವರಿಗೆ ಬೇಗ ಹಿಡಿಯಿತು. ಯೋಧನಾದರೆ ಮೂರು ನಾಲ್ಕು ಅಂತಸ್ತು ಸರಾಗವಾಗಿ ಇಳಿಯಬಹುದು. ಅದರಿಂದ ಕೆಳಗೆ ವಿಷ ಉಗುಳುವ ಜಂತುಗಳಿರುತ್ತವೆ, ಅಲ್ಲಿ ಬರೀ ತೋಳ್ಬಲ ಸಾಲದು. ಕಳ್ಳ ಎಷ್ಟು ಬೇಕಾದರೂ ಇಳಿಯಲಿ, ಮೆಟ್ಟಿಲಿನಿಂದ ದೂರ ಹೋಗಬಾರದು, ಓಡಿಬಂದರೆ ಅವನಿಗೆ ಅವಮಾನವಿಲ್ಲ. ಪುರೋಹಿತ ತನ್ನ ಗಾಯ ತಾನೇ ಮಾಯಿಸಿಕೊಳ್ಳುತ್ತಾನೆ, ನಿಧಾನಸ್ಥ, ಅವನನ್ನು ಅವಸರಪಡಿಸಬಾರದು. ಮಂತ್ರವಾದಿಯದೇ ಫಜೀತಿ. ಮೊದಲನೆಯ ಅಂತಸ್ತಿನ ಇಲಿ ಕಚ್ಚಿದರೂ ಸಾಯುವ ಪ್ರಾಣಿ ಅವನು. ಬಲ ಬರುವವರೆಗೆ ಬಾಗಿಲ ಬುಡದಲ್ಲೇ ಸುತ್ತಿಸಬೇಕು, ಎಷ್ಟು ಬೇಸರ ಬಂದರೂ ಕೆಳಗಿಳಿಸಕೂಡದು.

“ಜೀವ ಅರ್ಧ ಆದ ಕೂಡಲೇ ತಿರುಗಬೇಕು” ಎನ್ನುತ್ತಿದ್ದರು ಅಪ್ಪ. “ಹತ್ತಿ ಬರಲಿಕ್ಕೂ ಜೀವ ಬೇಕಲ್ವಾ?”

ಒಮ್ಮೆ ಕೇಳಿದರು, “ಆಟದ ಮಧ್ಯದಲ್ಲಿ ವೀಸಾ ಬದಲಿಸಲಿಕ್ಕೆ ಆಗ್ತದಾ?”

“ಇಲ್ಲ. ಸಾಯಬೇಕು, ಮತ್ತೆ ಮೊದಲಿನಿಂದ ಶುರು ಮಾಡಬೇಕು.”

“ಅಷ್ಟು ಕಷ್ಟ ಉಂಟಾ? ನಮ್ಮಲ್ಲಾದರೆ ಬೊಂಬಾಯಿಗೆ ಹೋದರೆ ಸಾಕು” ಎಂದು ನಕ್ಕರು.

ಅಪ್ಪನ ತಲೆಯಲ್ಲಿ ಆ ಹೊತ್ತಿಗೇ ಬೊಂಬಾಯಿ ಇತ್ತು. ಊರಿಗೆ ಬಂದ ಗಲ್ಫಿನವರನ್ನು ನಮ್ಮ ಕಡೆ ಎಲ್ಲರೂ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳುತ್ತಾರೆ: ಯಾವಾಗ ಬಂದದ್ದು, ಯಾವಾಗ ಹೋಗುವುದು. ಮೊದಲ ತಿಂಗಳು ಅಪ್ಪ ಪೇಟೆಯಲ್ಲಿ “ಸದ್ಯದಲ್ಲೇ” ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಜನ ಮೊದಲನೆಯ ಪ್ರಶ್ನೆ ಬಿಟ್ಟು ಎರಡನೆಯದನ್ನು ಮಾತ್ರ ಕೇಳತೊಡಗಿದರು. ಅಪ್ಪ ಪೇಟೆಗೆ ಮೀನು ತರಲು ಹೋಗುವುದನ್ನು ಬಿಟ್ಟರು. ಆಮೇಲೆ ಪೇಟೆಯ ದಾರಿಯನ್ನೇ ಬಿಟ್ಟು ಗದ್ದೆಯ ಬದುವಿನಲ್ಲಿ ನಡೆದರು. ಮತ್ತೊಮ್ಮೆ ಹೋಗದೆ ಅಪ್ಪನಿಗೆ ಈ ಊರಿನಲ್ಲಿ ತಲೆ ಎತ್ತಲಿಕ್ಕಿಲ್ಲ ಎಂಬುದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ಕಾರ್ಕಳದ ಒಬ್ಬ ಏಜೆಂಟ್ ಹೇಳಿದ್ದು ಇಷ್ಟು. ಅಪ್ಪನ ಪ್ರಾಯದವರನ್ನು ಹೆಲ್ಪರ್ ಆಗಿ ಈಗ ಯಾರೂ ಕೇಳುವುದಿಲ್ಲ, ವೆಲ್ಡರ್ ಆದರೆ ಜಾಗ ಉಂಟು, ಬೊಂಬಾಯಿಯಲ್ಲಿ ಕೆಲಸದ ಪರೀಕ್ಷೆ ಮಾಡುತ್ತಾರೆ, ಅಲ್ಲಿ ಪಾಸಾದರೆ ಆಯಿತು. ಅಪ್ಪ ಕಾರ್ಕಳದಲ್ಲೇ ಒಂದು ಗ್ರಿಲ್ ಮಾಡುವ ಅಂಗಡಿಗೆ ವೆಲ್ಡಿಂಗ್ ಕಲಿಯಲು ಸೇರಿದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವರು. ವೆಲ್ಡಿಂಗಿನ ಬೆಳಕಿಗೆ ಕಣ್ಣು ಕೆಂಡದ ಹಾಗೆ ಆಗಿರುತ್ತಿತ್ತು. ಅಮ್ಮ ಸೌತೆಕಾಯಿ ಹೋಳು ಕೊಯ್ದು ರೆಪ್ಪೆಯ ಮೇಲೆ ಇಡುತ್ತಿದ್ದರು. ಆ ಸಮಯದಲ್ಲಿ ಮಾತ್ರ ಅಮ್ಮನ ನಾಲಿಗೆ ಸುಮ್ಮನಿತ್ತು.

ನನ್ನದು ಸುಮ್ಮನಿರಲಿಲ್ಲ. ನನಗೆ ಸಿಟ್ಟು, ಯಾರ ಮೇಲೆ ಎಂದು ಗೊತ್ತಾಗದಂಥ ಸಿಟ್ಟು.

“ಬಲ ಬರುವ ಮೊದಲು ಮಂತ್ರವಾದಿಯನ್ನು ಕೆಳಗಿಳಿಸಬಾರದು ಅಂತ ನೀವೇ ಹೇಳುವುದಲ್ವಾ? ಕೆಲವು ವಾರ ಕಲಿತು ವೆಲ್ಡರ್ ಅಂತ ಹೋಗುವುದೆಂದರೆ ಎಂತ?”

ಕಣ್ಣಿನ ಮೇಲೆ ಸೌತೆಕಾಯಿ ಇಟ್ಟುಕೊಂಡೇ ಅಪ್ಪ ಹೇಳಿದರು, “ಅದು ಆಟ ಮಾರಾಯ್ತಿ.”

ಮಣಿಪಾಲದಲ್ಲಿ ವೀಸಾಕ್ಕೆ ಬೇಕಾದ ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಆಯಿತು. ಎಲ್ಲದರಲ್ಲೂ ಪಾಸು. ಆ ದಿನ ಅಪ್ಪ ಪೇಟೆಯ ದಾರಿಯಲ್ಲೇ ಮನೆಗೆ ಬಂದರು, ಕೈಯಲ್ಲಿ ಬಂಗುಡೆ ಮೀನು ಇತ್ತು. ಬೊಂಬಾಯಿ ಬಸ್ಸು ಹತ್ತುವಾಗ ಹೊಸ ಅಂಗಿ ಹಾಕಿದ್ದರು.

ವಾಪಸು ಬಂದರು. ಏನಾಯಿತೆಂದು ಅಮ್ಮ ಕೇಳಲಿಲ್ಲ. ಬ್ಯಾಗನ್ನು ಕೋಣೆಯಲ್ಲಿಟ್ಟರು, ಸ್ನಾನ ಮಾಡಿದರು, ಉಂಡರು, ಮಲಗಿದರು. ಒಂದೆರಡು ದಿನ ಕಳೆದು, ಮಧ್ಯಾಹ್ನ ನಾನು ಕಾಲೇಜಿನಿಂದ ಬೇಗ ಬಂದಿದ್ದಾಗ, “ಕ್ಯಾಸೆಟ್ ಹಾಕು” ಎಂದರು.

ಆಟ ಕಿರುಚಿ ಮುಗಿಸಿ ಎಂದಿನ ಪ್ರಶ್ನೆ ಕೇಳಿತು. ಅಪ್ಪ ಮಂತ್ರವಾದಿಯನ್ನು ಆರಿಸಿದರು. ಬಾಗಿಲ ಬುಡದಲ್ಲಿ ಸುತ್ತಿಸಲಿಲ್ಲ, ನೇರ ಮೆಟ್ಟಿಲಿಗೆ ನಡೆಸಿದರು. ಇಳಿಯುವುದೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದರು.

“ಅಪ್ಪ, ಇವನಿಗೆ ಬಲ ಇಲ್ಲ.”

“ಗೊತ್ತುಂಟು.”

ಎರಡನೆಯ ಅಂತಸ್ತು ದಾಟಿತು. ಟಿವಿಯಿಂದ ಕಣ್ಣು ತೆಗೆಯದೆ ಅಪ್ಪ ಹೇಳತೊಡಗಿದರು. ಬೊಂಬಾಯಿಯಲ್ಲಿ ಒಂದು ದೊಡ್ಡ ಶೆಡ್ಡು. ಒಬ್ಬೊಬ್ಬರನ್ನೇ ಕರೆದು ಎರಡು ಕಬ್ಬಿಣದ ತಗಡು ಕೊಟ್ಟು ಬೆಸೆಯಲು ಹೇಳುವುದು. ಪರೀಕ್ಷೆ ಮಾಡುವವನು ಎದುರಿಗೆ ನಿಂತಿರುತ್ತಾನೆ. ಅಪ್ಪನ ಸರದಿ ಬಂತು.

“ತಗಡು ಲಾಯ್ಕ ಉಜ್ಜಿದೆ. ತುಕ್ಕು ಎಲ್ಲ ತೆಗೆದೆ. ಅಂಚಿಗೆ ಅಂಚು ಕೂಡಿಸಿ ಇಟ್ಟೆ. ವೆಲ್ಡಿಂಗ್ ಕಡ್ಡಿಯನ್ನು ಹಿಡಿಕೆಗೆ ಸಿಕ್ಕಿಸಿದೆ. ಎಲ್ಲ ಸರಿಯೇ ಮಾಡಿದೆ.”

“ಮತ್ತೆ?”

ಮೂರನೆಯ ಅಂತಸ್ತಿನಲ್ಲಿ ಏನೋ ಒಂದು ಮಂತ್ರವಾದಿಯ ಜೀವವನ್ನು ಅರ್ಧಕ್ಕೆ ಇಳಿಸಿತು. ಅಪ್ಪ ತಿರುಗಲಿಲ್ಲ. ಮೆಟ್ಟಿಲು ಅಲ್ಲೇ ಇತ್ತು, ಇಳಿದರು.

“ಮತ್ತೆ ಎಂತ. ಕಡ್ಡಿ ಹಿಡಿದ ಕೈಯನ್ನು ಹೀಗೆ ಮುಂದೆ ಚಾಚಿ, ಸ್ವಲ್ಪ ಬದಿಗೆ ಸರಿದು ನಿಂತೆ. ನಮಗೆ ಅಭ್ಯಾಸ ಅಲ್ವಾ. ಎಲ್ಲ ತಯಾರು ಮಾಡಿ, ಕಸುಬಿನವರ ಕೈಗೆ ಕೊಟ್ಟು, ಬದಿಗೆ ನಿಲ್ಲುವುದು. ಆ ಮನುಷ್ಯ ನನ್ನನ್ನೇ ನೋಡಿದ. ‘ಏ, ವೆಲ್ಡರ್ ಎಲ್ಲಿ?’ ಅಂತ ಕೇಳಿದ.”

ಅಪ್ಪ ಗುಂಡಿ ಒತ್ತಿ ಮಂತ್ರವಾದಿಯನ್ನು ಇನ್ನೊಂದು ಕೋಣೆಗೆ ನಡೆಸಿದರು.

“ನಾನೂ ಹಿಂದೆ ತಿರುಗಿ ನೋಡಿದೆ.”

ಶೆಡ್ಡಿನಲ್ಲಿದ್ದವರು ನಕ್ಕರಂತೆ. ಇನ್ನೊಂದು ಅವಕಾಶ ಕೇಳದೆ ಅಪ್ಪ ಬ್ಯಾಗು ಎತ್ತಿಕೊಂಡು ಬಂದುಬಿಟ್ಟರಂತೆ. ಅಡುಗೆಮನೆಯಲ್ಲಿ ಬೀಡಿ ಎಲೆ ಕತ್ತರಿಸುವ ಅಮ್ಮನ ಕತ್ತರಿಯ ಸದ್ದು ನಿಂತಿತ್ತು, ಅವರಿಗೂ ಕೇಳಿಸಿರಬೇಕು. ನನಗೆ ಆ ಶೆಡ್ಡಿಗೆ ಹೋಗಿ ನಕ್ಕವರನ್ನೆಲ್ಲ ಹೊಡೆಯಬೇಕು ಅನ್ನಿಸಿತು. ಅಪ್ಪನ ಕೈ ಹಿಡಿಯಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಟಿವಿಯ ಮೇಲೆ ಬಂದ ಇಂಗ್ಲಿಷನ್ನು ಓದಿ ಹೇಳಿದೆ, ಇನ್ನೊಂದು ಮೆಟ್ಟಿಲು ಉಂಟು, ಇಳಿಯುವುದೇ ಎಂದು. ಅಪ್ಪ ಹೌದು ಒತ್ತಿದರು.

ಅದೃಷ್ಟವೋ ಏನೋ, ಆ ಸಲ ಎದುರಿಗೆ ಹೆಚ್ಚು ಜಂತುಗಳು ಬರಲಿಲ್ಲ. ಯೋಧನನ್ನೂ ಕರೆದೊಯ್ಯದಷ್ಟು ಆಳಕ್ಕೆ ಆ ಬಡ ಮಂತ್ರವಾದಿ ಹೋದ. ಅಲ್ಲಿ ನಾವು ಹಿಂದೆಂದೂ ಕಾಣದ ಒಂದು ಆಕೃತಿ ಕೋಣೆಯ ಮೂಲೆಯಿಂದ ಬಂದು ಮುಟ್ಟಿತು. ಅಷ್ಟೇ. ಟಿವಿಯಲ್ಲಿ ಬರಹ ಮಾತ್ರ ಉಳಿಯಿತು.

“ಎಂತ ಕೇಳ್ತದೆ ಅದು?”

“ಇನ್ನೊಬ್ಬನಾಗಿ ಮತ್ತೆ ಶುರು ಮಾಡ್ತೀರಾ ಅಂತ.”

ಅಪ್ಪ ಕೀಬೋರ್ಡನ್ನು ನನ್ನ ಕಡೆಗೆ ಸರಿಸಿದರು.

“ಇಲ್ಲ ಅಂತ ಒತ್ತು.”