ಕೆಳಮನೆಯ ಬ್ಯಾಂಡು, ನನ್ನ ಕೈಯ ಮೇಣದಬತ್ತಿ

ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯ ನೆಲದಡಿಯಿಂದ ಒಂದು ಶವಯಾತ್ರೆ ಹೊರಟಿತು.

ಕಥೆ ಕಟ್ಟುತ್ತಿದ್ದಾಳೆ ಎಂದುಕೊಳ್ಳಬೇಡಿ. ನಾವು ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ ಬಂದು ಆಗ ಹನ್ನೊಂದು ದಿನ. ನಾನು ಅಕ್ಕಿ ತೊಳೆಯುತ್ತಿದ್ದೆ. ಮೊದಲು ಬೆರಳ ತುದಿಯಿಂದ ಹಲಗೆ ತಟ್ಟಿದ ಹಾಗೆ ಸಣ್ಣಗೆ ಡ್ರಮ್ಮು ಕೇಳಿಸಿತು. ಅದರ ಮೇಲೆ ಒಂದು ಕೊಳಲು. ಆಮೇಲೆ ಕ್ಲಾರಿನೆಟ್ಟು, ತುತ್ತೂರಿ. ಅದೇ ರಾಗ ಮತ್ತೆ ಮತ್ತೆ, ಪ್ರತಿ ಸಲವೂ ಒಂದು ಹೆಜ್ಜೆ ಹತ್ತಿರ. ಕಿಟಕಿಗೆ ಓಡಿದೆ. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಬ್ಯಾಂಡು ಬರುತ್ತಿದ್ದದ್ದು ನನ್ನ ಪಾದದ ಕೆಳಗಿನಿಂದ.

ನನ್ನ ಅಜ್ಜ ಮಂಗಳೂರಿನ ಹತ್ತಿರದ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಮನೆಮಾತು ಕೊಂಕಣಿಯಾದರೂ ದಿನಾ ಬೆಳಿಗ್ಗೆ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ನನಗೆ ಕನ್ನಡ ಕಲಿಸಿದವರೂ ಅವರೇ. ಮದುವೆಗೂ ಬ್ಯಾಂಡು, ಸಾವಿಗೂ ಬ್ಯಾಂಡು. ಡ್ರಮ್ಮಿನ ಹೆಜ್ಜೆ ಕೇಳಿದರೆ ಸಾಕು, ಯಾವುದಕ್ಕೆಂದು ನಮ್ಮೂರಿನ ಮಕ್ಕಳೂ ಹೇಳುತ್ತಾರೆ. ಸಾವಿನ ಬ್ಯಾಂಡಾದರೆ ನಮ್ಮ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು, ಮೇಣದಬತ್ತಿ ಹಚ್ಚಿಕೊಂಡು ಆ ಮನೆಗೆ ಹೋಗುತ್ತಾರೆ. ಯಾರನ್ನೂ ಕೇಳುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ.

ಇಲ್ಲಿ ಬಾಗಿಲು ತೆರೆದಿರುವುದಿಲ್ಲ ಎಂಬುದೊಂದನ್ನು ನಾನು ಯೋಚಿಸಲಿಲ್ಲ.

ಕೆಳಗಿನ ಯೂನಿಟ್ಟಿನಲ್ಲಿ ಒಬ್ಬ ಮುದುಕರಿದ್ದರು. ಒಂದೊಂದು ಮನೆಗೆ ಇಲ್ಲಿನವರು ಯೂನಿಟ್ಟು ಅನ್ನುತ್ತಾರೆ, ಅಂಥ ಎಂಟು ಸೇರಿ ನಮ್ಮ ಕಟ್ಟಡ. ದಿನಾ ಹತ್ತಕ್ಕೆ ಟಪಾಲು ಪೆಟ್ಟಿಗೆಯ ಬಳಿ ಕಾಣುತ್ತಿದ್ದವರು ಮೂರು ದಿನದಿಂದ ಕಂಡಿರಲಿಲ್ಲ. ಡ್ರಮ್ಮು ನಿಂತ ಮೇಲೆ ಕೆಳಗೆ ಪಿಟೀಲುಗಳು ಅಳತೊಡಗಿದವು. ಇನ್ನೇನು ಅನುಮಾನ? ಚಳಿಗಾಲವಾದ್ದರಿಂದ ಕಪ್ಪು ಕೋಟು ಮೈಮೇಲೇ ಇತ್ತು. ಮೇಣದಬತ್ತಿ ಹಚ್ಚಿ, ಜಪಸರ ಹಿಡಿದು ಇಳಿದೆ. ಬಾಗಿಲು ಮುಚ್ಚಿತ್ತು. ಅಂಗೈಯಿಂದ ಬಡಿದೆ. ಉತ್ತರವಿಲ್ಲ. ಮತ್ತೂ ಜೋರಾಗಿ ಬಡಿದೆ.

ಸಂಗೀತ ಥಟ್ಟನೆ ನಿಂತಿತು. ಸರಪಳಿ ಹಾಕಿದ ಬಾಗಿಲು ನಾಲ್ಕು ಬೆರಳಗಲ ತೆರೆಯಿತು. ಒಂದು ಕಣ್ಣು ನನ್ನ ಕೋಟು ನೋಡಿತು, ಬೆಂಕಿ ನೋಡಿತು. ಅಂಥ ಹೆದರಿಕೆಯನ್ನು ಮನುಷ್ಯನ ಕಣ್ಣಿನಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಬಾಗಿಲು ಮುಚ್ಚಿತು. ಸತ್ತವರೇ ಎದ್ದು ಬಂದು ನೋಡಿದ ಹಾಗಾಗಿ, ನಾನೂ ಮೆಟ್ಟಿಲಿಗೆ ಎಡವುತ್ತಾ ಮೇಲಕ್ಕೋಡಿದೆ.

ಮರುದಿನ ಶನಿವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಪೊಲೀಸ್ ಹುಡುಗಿಯೊಬ್ಬಳು ಬಂದಳು. ಬಹಳ ಮರ್ಯಾದೆಯಿಂದಲೇ ಕೇಳಿದಳು.

"ನಿನ್ನೆ ನೀವು ಬೆಂಕಿ ಹಿಡ್ಕೊಂಡು ಕೆಳಗಿನವರ ಬಾಗಿಲು ಬಡಿದ್ರಾ?"

"ಬೆಂಕಿ ಅಲ್ಲ, ಕ್ಯಾಂಡಲ್," ಎಂದೆ.

"ಯಾಕೆ?"

"ಅವರು ತೀರಿಹೋಗಿದ್ದಾರೆ ಅಂತ."

ಅವಳ ಪೆನ್ನು ನಿಂತಿತು. ನನ್ನನ್ನೂ ಗಂಡ ವಿಲ್ಲಿಯನ್ನೂ ಒಮ್ಮೆ ನೋಡಿ, ಸೋಮವಾರ ಬಂದು ಕೆಳಗಿನವರ ಹೇಳಿಕೆ ಬರೆದುಕೊಳ್ಳುತ್ತೇನೆ, ಆಮೇಲೆ ನೋಡೋಣ ಎಂದು ಹೋದಳು.

ವಿಲ್ಲಿ ಸೋಫಾದ ಮೇಲೆ ಕುಸಿದ. ನಮ್ಮ ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ಇರುವ ಅನುಮತಿಯ ಅರ್ಜಿ, ವೀಸಾ ಕಚೇರಿಯ ಮೇಜಿನ ಮೇಲಿತ್ತು. ನಮ್ಮ ಮೇಲೆ ಪೊಲೀಸ್ ಕೇಸಿಲ್ಲ ಎಂಬ ಸರ್ಟಿಫಿಕೇಟು ಅದಕ್ಕೆ ಬೇಕಿತ್ತು.

"ಸತ್ತವರ ಮನೆಗೆ ಹೋಗ್ಲಿಕ್ಕೆ ನಿಂಗೆ ಬೇರೆ ಊರೇ ಸಿಗ್ಲಿಲ್ವಾ ಮಾರಾಯ್ತಿ?" ಎಂದ. "ಅವರು ಒಂದು ಮಾತು ಬರೆಸಿದ್ರೆ ನಮ್ದು ಮುಗೀತು. ಕ್ವೇಕರ್ಸ್ ಹಿಲ್‌ನಲ್ಲಿ ಏನು ಕಡಿಮೆ ಆಗಿತ್ತು ನಿಂಗೆ?"

"ಬಂದದ್ದು ನಿಮ್ಮ ಕೆಲಸಕ್ಕೆ. ನನ್ನ ಮೇಲೆ ಯಾಕೆ ಹಾಕ್ತೀರಿ?"

ಅದು ನಿಜ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಅವನ ಚಿಕ್ಕಪ್ಪನ ಮಗನ ಹಿಂದಿನ ಕೋಣೆಯಲ್ಲಿ ಆರು ತಿಂಗಳಿದ್ದೆವು. ಅಲ್ಲಿ ಮೀನು ಹುರಿದರೆ ಪಕ್ಕದ ಆಂಟಿ ಬೇಲಿಯ ಮೇಲಿಂದ "ಬಂಗುಡೆಯಾ?" ಎಂದು ಕೇಳುವರು. ಬಾಕ್ಸ್ ಹಿಲ್‌ನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ವಿಲ್ಲಿಗೆ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದದ್ದು. ಇಲ್ಲಿ ಮೀನು ಹುರಿದರೆ ಗೋಡೆಯಲ್ಲಿನ ಹೊಗೆ ಗಂಟೆ ಕಿರುಚುತ್ತಿತ್ತು, ಅಷ್ಟೇ ಮಾತುಕತೆ.

ಶನಿವಾರ ನಾಲ್ಕಕ್ಕೆ ಬ್ಯಾಂಡು ಬರಲಿಲ್ಲ. ಭಾನುವಾರವೂ ಮಧ್ಯಾಹ್ನದವರೆಗೆ ಕೆಳಗೆ ನಲ್ಲಿಯ ಸದ್ದೂ ಇರಲಿಲ್ಲ. ಬ್ಯಾಂಡಿಗಿಂತ ಆ ಮೌನ ಭಯಂಕರ. ವಿಲ್ಲಿ ಪಾಸ್‌ಪೋರ್ಟು, ಮದುವೆಯ ಕಾಗದ, ಜ್ಞಾನಸ್ನಾನದ ಸರ್ಟಿಫಿಕೇಟು ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಇಟ್ಟ.

"ಇದೆಂತಕ್ಕೆ?"

"ಹೊರಡಿ ಅಂದ್ರೆ ಹುಡುಕ್ತಾ ಕೂತ್ಕೊಳ್ಳುದು ಬೇಡ."

ಆ ಚೀಲ ದಾಟಿಕೊಂಡೇ ಶೌಚಾಲಯಕ್ಕೆ ಹೋಗಬೇಕು. ಅವನ ಕಣ್ಣು ಹತ್ತಿದಾಗ ನಾನು ಇಳಿದೆ. ಬಾಗಿಲು ಬಡಿಯುವ ಧೈರ್ಯವಿರಲಿಲ್ಲ. ಇನ್ನೊಮ್ಮೆ ಬಡಿದರೆ ಇನ್ನೊಂದು ದೂರು. ಅವರ ಕಿಟಕಿಯ ಕೆಳಗೆ, ಟಪಾಲು ಪೆಟ್ಟಿಗೆಗಳ ಬಳಿ ನಿಂತು ಏನು ಮಾಡಲಿ ಎಂದು ತೋಚದೆ ಆ ರಾಗವನ್ನೇ ಗುನುಗಿದೆ. ಪೆಟ್ಟಿಗೆಯ ತಗಡಿನ ಮೇಲೆ ಬೆರಳಿನಿಂದ ಡ್ರಮ್ಮು. ಅಜ್ಜನ ಹಿಂದೆ ಬಾಲ್ಯದಲ್ಲಿ ನಡೆದದ್ದೆಲ್ಲ ಬೆರಳಿಗೆ ನೆನಪಿತ್ತು. ಪರದೆ ಅಲ್ಲಾಡಿತು. ನಾನು ನಿಲ್ಲಿಸಲಿಲ್ಲ.

ಕಿಟಕಿ ತೆರೆಯಿತು.

"ತಪ್ಪು," ಎಂದರು ಮುದುಕರು. ಅವರ ಇಂಗ್ಲಿಷು ನನ್ನದಕ್ಕಿಂತ ಬಡವಾಗಿತ್ತು. "ಡ್ರಮ್ಮು ನಿಧಾನ. ಓಡಬಾರದು. ಅದು ಬರ್ತದೆ, ಓಡುವುದಿಲ್ಲ." ಆಮೇಲೆ, "ಬೆಂಕಿ ಯಾಕೆ ತಂದೆ?"

ಕೈ ಜೋಡಿಸಿ ಹೇಳಿದೆ, "ಅಂಕಲ್, ನಮ್ಮೂರಲ್ಲಿ ಈ ಬ್ಯಾಂಡು ಬಾರಿಸಿದ್ರೆ ಯಾರಾದ್ರೂ ಸತ್ತಿರ್ತಾರೆ. ನಿಮಗಾಗಿ ಪ್ರಾರ್ಥನೆ ಮಾಡ್ಲಿಕ್ಕೆ ಬಂದೆ."

ಅವರು ತಿಳಿದುಕೊಳ್ಳಲು ಹೊತ್ತು ಹಿಡಿಯಿತು. ತಿಳಿದ ಮೇಲೆ ನಕ್ಕರು, ಕೆಮ್ಮಿದರು, ಕಿಟಕಿಯ ಚೌಕಟ್ಟು ಹಿಡಿದುಕೊಂಡು ಮತ್ತೆ ನಕ್ಕರು. "ಇನ್ನೂ ಇಲ್ಲ," ಎಂದರು. "ಇನ್ನೂ ಸತ್ತಿಲ್ಲ. ಫ್ಲೂ, ಅಷ್ಟೇ. ಒಳಗೆ ಬಾ."

ಅವರ ಹೆಸರು ಯೂರಿ. ಗೋಡೆ ತುಂಬ ಪುಸ್ತಕ, ಒಂದು ಸಿಡಿ ಪ್ಲೇಯರು. ಅವರು ತೋರಿಸಿದ ಸಿಡಿ ಅವರ ನಾಡಿನ, ಹೋದ ಶತಮಾನದ ಸಂಗೀತಗಾರನೊಬ್ಬನ ಜನಪ್ರಿಯ ಕೃತಿಗಳದ್ದು. ಆ ಹೆಸರಿಗೆ ಇಂದಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ನಾನು ಕೇಳಿದ ಆ ನಡಿಗೆಯ ಸಂಗೀತ, ಅಂದರೆ ಮಾರ್ಚು, ಒಂದು ವಾಲ್ಟ್ಸ್ ನೃತ್ಯ, ಸಿನಿಮಾಕ್ಕೆಂದು ಬರೆದ ಒಂದು ಇಂಪಾದ ತುಣುಕು. ಯುದ್ಧದಲ್ಲಿ ಶತ್ರುಗಳು ಸುತ್ತುವರಿದು ಹಸಿವಿನಿಂದ ಸಾಯುತ್ತಿದ್ದ ತಮ್ಮ ನಗರದಲ್ಲಿ, ಹುಡುಗನಾಗಿದ್ದಾಗ, ಬೀದಿಯ ಧ್ವನಿವರ್ಧಕದಲ್ಲಿ ಆ ಮಾರ್ಚನ್ನು ಅವರು ಕೇಳಿದ್ದರಂತೆ.

"ಇದನ್ನು ಬರೆದವನು ಒಂದು ಸಣ್ಣ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಡ್ತಿದ್ದ," ಎಂದರು. "ರಾತ್ರಿ ಪೊಲೀಸರು ಬಂದು ಹಿಡ್ಕೊಂಡು ಹೋಗ್ತಾರೆ ಅಂತ. ಮಕ್ಕಳು ನೋಡಬಾರದು ಅಂತ ಲಿಫ್ಟಿನ ಹತ್ತಿರ ಹೋಗಿ ಕಾಯ್ತಿದ್ದ. ಹಾಗೆ ನಮ್ಮಲ್ಲಿ ಹೇಳ್ತಾರೆ. ಅವನಿಗೆ ಯಾರೂ ಬರಲಿಲ್ಲ." ಸಿಡಿಯನ್ನು ಡಬ್ಬಿಗೆ ಹಾಕುತ್ತಾ ಅಂದರು, "ನನ್ನ ಅಪ್ಪನಿಗೆ ಬಂದರು. ಅಂಗೈಯಿಂದ ಬಡಿದರು. ನಿನ್ನ ಹಾಗೇ."

ಮೇಲೆ ನಮ್ಮ ಚಪ್ಪಲಿಗಳ ಪಕ್ಕದ ಚೀಲ ಕಣ್ಣೆದುರು ಬಂತು. ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಎದ್ದು ಹೋಗಿ, ಅದನ್ನೇ ಎತ್ತಿಕೊಂಡು ಬಂದು ಅವರ ಮುಂದೆ ತೆರೆದೆ. ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ನೋಡಿದರು. ನಗಲಿಲ್ಲ.

"ನಾಳೆ ಪೊಲೀಸ್ ಬರ್ತಾರೆ, ಅಂಕಲ್."

"ಗೊತ್ತು. ನನಗೂ ಹೆದರಿಕೆ," ಎಂದರು. "ನಾನೇ ಕರೆದೆ, ನನಗೇ ಹೆದರಿಕೆ."

ಸೋಮವಾರ ನಾವು ಮೂವರೂ ಅವರ ಮನೆಯಲ್ಲಿ ಸಾಲಾಗಿ ಕುಳಿತಿದ್ದೆವು. ಆ ಹುಡುಗಿ ಗಂಟೆ ಒತ್ತಿದಾಗ ಮೂವರೂ ಒಟ್ಟಿಗೆ ಬೆಚ್ಚಿದೆವು. ಯೂರಿ ಅಂಕಲ್ ಎದ್ದು ನಿಂತು ಶಾಲೆಯ ಪಾಠ ಒಪ್ಪಿಸುವಂತೆ ಹೇಳಿದರು. "ಇವಳು ನನ್ನ ನೆರೆಯವಳು. ನಾನು ಸತ್ತೆನೆಂದು ಬಂದಳು. ಈ ಕಟ್ಟಡದಲ್ಲಿ ಬೇರೆ ಯಾರೂ ಬರಲಿಲ್ಲ. ಬರೆದುಕೊಳ್ಳಿ."

ಅವಳು ಬರೆದುಕೊಳ್ಳಲಿಲ್ಲ. ಪುಸ್ತಕ ಮಡಚಿ ಹೋದಳು.

ಅಂದಿನಿಂದ ನಾನು ಆ ಬಾಗಿಲು ಬಡಿಯಲಿಲ್ಲ. ಹೊರಗೆ ನಿಂತು ಮಾರ್ಚು ಗುನುಗಿದರೆ ಸರಪಳಿ ತೆಗೆಯುವ ಸದ್ದು ಕೇಳುತ್ತಿತ್ತು. ನೀರುದೋಸೆ ಕೊಟ್ಟರೆ ಒದ್ದೆ ಕಾಗದ ಎಂದು ಛೇಡಿಸಿ ನಾಲ್ಕು ತಿನ್ನುವರು. ಆ ವಾಲ್ಟ್ಸ್ ಕೇಳಿ, ನಮ್ಮ ಮದುವೆಯ ಪಾರ್ಟಿಗಳಲ್ಲಿ ಮದುಮಕ್ಕಳು ಕುಣಿಯುವುದು ಇಂಥದಕ್ಕೇ ಎಂದಾಗ ತಲೆಯಾಡಿಸಿದರು. "ಕುಣೀತಾರೆ, ಹೌದು. ಆದರೆ ಬಾಗಿಲ ಕಡೆ ನೋಡ್ತಾ ಕುಣೀತಾರೆ."

ಒಂದೂವರೆ ವರ್ಷದ ಮೇಲೆ ಪಿಆರ್ ಬಂತು. ಅದರ ಬೆನ್ನಿಗೇ ಸಿಡ್ನಿಯ ಪ್ಯಾರಮಟ್ಟಾದಲ್ಲಿ ವಿಲ್ಲಿಗೆ ಒಳ್ಳೆಯ ಕೆಲಸವೂ ಬಂತು. ಹೊರಡುವ ದಿನ ಯೂರಿ ಅಂಕಲ್ ನನ್ನ ಕೈ ಹಿಡಿದರು. "ಮುಂದಿನ ಸಲ ತಪ್ಪು ಮಾಡಬೇಡ. ನಿಜವಾಗಿ ಸತ್ತಾಗ ಬಾ. ಬೆಂಕಿ ತಾ."

"ನನಗೆ ಯಾರು ಹೇಳ್ತಾರೆ ಅಂಕಲ್?"

ಅವರು ಕೈ ಬಿಟ್ಟು ಬಾಗಿಲಿಗೆ ಸರಪಳಿ ಹಾಕಿಕೊಂಡರು.

ಪ್ಯಾರಮಟ್ಟಾದ ಏಳನೇ ಮಹಡಿಯಲ್ಲಿ ಈಗ ನಮಗೆ ಭಯಪಡಲು ಕಾರಣವಿಲ್ಲ. ಆದರೂ ಚೀಲ ಬಾಗಿಲ ಬಳಿಯೇ ಇದೆ. ಇಬ್ಬರೂ ಅದನ್ನು ನೋಡದಂತೆ ದಾಟುತ್ತೇವೆ. ಭಾನುವಾರಗಳಲ್ಲಿ ಬಾಕ್ಸ್ ಹಿಲ್‌ಗೆ ಫೋನ್ ಮಾಡುತ್ತೇನೆ. ಐದು ರಿಂಗಿನವರೆಗೆ ಧೈರ್ಯವಿರುತ್ತದೆ. ಆರನೆಯದಕ್ಕೆ ಆ ಮಾರ್ಚು ಗುನುಗತೊಡಗುತ್ತೇನೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಕ್ಕನ ಮನೆಯಲ್ಲಿ ಮೀನು ಕೊಯ್ಯುತ್ತಿದ್ದಾಗ ರಸ್ತೆಯ ಕೊನೆಯಿಂದ ಡ್ರಮ್ಮು ಕೇಳಿಸಿತು. ಅಕ್ಕ ಕೈ ತೊಳೆದು ಎರಡು ಮೇಣದಬತ್ತಿ ಹಚ್ಚಿ ಒಂದನ್ನು ನನಗೆ ಕೊಟ್ಟಳು. ಅಂಗಳ ದಾಟುವವರೆಗೆ ಹೋದೆ. ಅಲ್ಲಿ ಕಾಲು ನಿಂತಿತು.

"ಅವರನ್ನು ಕೇಳಿದ್ದೀಯಾ? ನಾವು ಬರಬಹುದಾ ಅಂತ?"

"ಸತ್ತ ಮನೆಗೆ ಹೋಗ್ಲಿಕ್ಕೆ ಪರ್ಮಿಷನ್ ಎಂತದು ನಿಂದು? ಫಾರಿನ್‌ನವಳು!" ಎಂದು ಅಕ್ಕ ನಕ್ಕು ಮುಂದೆ ಹೋದಳು.

ನಾನು ಹಿಂದೆಯೇ ನಡೆದೆ. ಆ ಮನೆಯ ಬಾಗಿಲು ತೆರೆದೇ ಇತ್ತು. ಯಾರೂ ನನ್ನನ್ನು ಏಕೆ ಬಂದೆ ಎಂದು ಕೇಳಲಿಲ್ಲ. ಹೆಂಗಸರ ನಡುವೆ ಮಂಡಿಯೂರಿ ಕುಳಿತೆ. ಪ್ರಾರ್ಥನೆಯಲ್ಲಿ ಸತ್ತವರ ಹೆಸರು ಹೇಳಬೇಕಾದಾಗ ಉಳಿದವರೆಲ್ಲ ಒಂದು ಹೆಸರು ಹೇಳಿದರು, ನನ್ನ ಬಾಯಲ್ಲಿ ಬೇರೊಂದು ಬಂತು. ಬದುಕಿರುವ ಯೂರಿ ಅಂಕಲ್ ಹೆಸರು. ಹೆದರಿ ಮೇಣದಬತ್ತಿಯನ್ನು ಊದಿ ಆರಿಸಿಬಿಟ್ಟೆ. ಅಕ್ಕ ತಿರುಗಿ ನೋಡಿದಳು.