ಸೂತಕದ ಮನೆಯ ಬಂದೂಕು

ಬಂದೂಕಿಗೆ ಎಡೆ ಇಟ್ಟಿದ್ದನ್ನು ನೀವು ಯಾವಾಗಲಾದರೂ ನೋಡಿದ್ದೀರಾ?

ನಾನು ನೋಡಿದೆ. ಕೆಲವು ತಿಂಗಳಾಯಿತು. ಇದನ್ನು ಬರೆಯಬೇಕೋ ಬೇಡವೋ ಅಂತ ಇಷ್ಟು ದಿನ ಒದ್ದಾಡಿದೆ. ಈ ವಾರ ಒಂದು ಫೋನ್ ಬಂತು. ಇನ್ನು ಸುಮ್ಮನಿರಲು ಆಗಲಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ. ಊರು ಹರಿಯಬ್ಬೆ ಕಡೆ ಅನ್ನಿ, ಮತ್ತೋಡು ಕಡೆ ಅನ್ನಿ, ನಿಮ್ಮಿಷ್ಟ. ದಯವಿಟ್ಟು ಯಾರೂ ಹುಡುಕಿಕೊಂಡು ಹೋಗಬೇಡಿ.

ಕ್ಯಾತಣ್ಣ ನನ್ನ ಹಳೆಯ ಗೆಳೆಯ. ಕುರಿ ಸಾಕಿದ್ದ, ಶೇಂಗಾ ಬೆಳೆಯುತ್ತಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಮುಟ್ಟಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ನಾನು ದುರ್ಗದಿಂದ ಹೋಗಿದ್ದೆ.

ನಡುಮನೆಯಲ್ಲಿ ಅವನ ಫೋಟೋ. ಅದರ ಮುಂದೆ ಬಾಳೆಲೆ. ಬಾಳೆಲೆಯ ಮೇಲೆ ರಾಗಿ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಒಂದು ಸಣ್ಣ ಬಾಟಲಿ (ಇದನ್ನು ನಾನು ನೋಡದವನಂತೆ ಕುಳಿತೆ). ಸತ್ತವನಿಗೆ ಏನೇನು ಇಷ್ಟವೋ ಅದೆಲ್ಲ ಎಡೆಯಲ್ಲಿ ಇರಬೇಕಲ್ಲ? ಪಕ್ಕದಲ್ಲಿ ಅವನ ಕಂಬಳಿ. ಕಂಬಳಿಯ ಮೇಲೆ ಅವನ ಒಂಟಿ ನಳಿಗೆಯ ಬಂದೂಕು. ಅದಕ್ಕೊಂದು ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ.

ಪಕ್ಕದಲ್ಲಿ ಕುಳಿತಿದ್ದ ಅವನ ತಮ್ಮ ತಿಮ್ಮಣ್ಣನನ್ನು ಮೆಲ್ಲಗೆ ಕೇಳಿದೆ. “ಇದನ್ನ ಇನ್ನೂ ಸ್ಟೇಷನ್ನಿಗೆ ಕೊಟ್ಟಿಲ್ವಾ?”

ತಿಮ್ಮಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ. “ಏನ್ ಮೇಷ್ಟ್ರೇ ನೀವು! ಸೂತಕದ ಮನಿಯಿಂದ ಹೆಪ್ಪಿಗೆ ಮಜ್ಜಿಗೆ ಸೈತ ಹೊರಗೆ ಕೊಡಲ್ಲ. ಅಂತಾದ್ರಾಗೆ ಅಣ್ಣನ ಬಂದೂಕ ಕೊಟ್ ಬರ್ಲಾ? ಇವತ್ತಿಗೆ ಸೂತಕ ಕಳೀತು. ನಾಳೆ ಬೆಳಿಗ್ಗೆ ಹೋಗಾಣ ಬಿಡ್ರಿ.”

ನಾಳೆ ಬೆಳಿಗ್ಗೆ! ಸರಿಯಾಗಿಯೇ ಯೋಚಿಸಿದ್ದರು, ಪಾಪ.

ಬಂದೂಕಿನ ವಿಷಯ ಬಂದಾಗಲೆಲ್ಲ ಆ ಹಟ್ಟಿಯವರು ನನ್ನ ಮುಖ ನೋಡುವುದಕ್ಕೆ ಕಾರಣವಿದೆ. ನಮ್ಮಜ್ಜ ದುರ್ಗದ ಕೋಟೆ ಕೆಳಗಿನ ಓಣಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು. ಪಾಳೆಯಗಾರರ ಕಾಲದಿಂದ ನಮ್ಮ ಮನೆತನಕ್ಕೆ ಇದೇ ಕಸುಬು ಅಂತ ಹೇಳಿಕೊಳ್ಳುತ್ತಿದ್ದರು. ಕ್ಯಾತಣ್ಣನ ಬಂದೂಕಿಗೆ ಬೀಟೆ ಮರದ ಹಿಡಿ ಕೂಡಿಸಿದ್ದೂ ಅವರೇ. ಅಜ್ಜನೊಂದಿಗೆ ಕಸುಬೂ ಹೋಯಿತು. ನಾನು ಕನ್ನಡ ಮೇಷ್ಟ್ರಾಗಿ ರಿಟೈರ್ ಆದವನು, ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವುದಕ್ಕೂ ಹೆಂಡತಿಯನ್ನು ಕೂಗುವವನು. ಆದರೂ ಅವರ ಲೆಕ್ಕದಲ್ಲಿ ‘ಸಾಬರ ಮೇಷ್ಟ್ರಿಗೆ ಬಂದೂಕು ಗೊತ್ತು’.

ಕ್ಯಾತಣ್ಣನಿಗೆ ಬಂದೂಕು ಬಂದದ್ದು ಅವನ ಅಪ್ಪನಿಂದ. ವಯಸ್ಸಾಯಿತು ಅಂತ ಆ ಯಜಮಾನರು ಬದುಕಿದ್ದಾಗಲೇ ಮಗನ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಟ್ಟಿದ್ದರು. ಬೆಳೆ ರಕ್ಷಣೆಯ ಲೈಸೆನ್ಸು. ಹಂದಿಗಳು ಶೇಂಗಾ ಹೊಲಕ್ಕೆ ನುಗ್ಗಿದರೆ ಆಕಾಶಕ್ಕೆ ಒಂದು ಗುಂಡು, ಅಷ್ಟೇ. ಒಂದು ಪ್ರಾಣಿಯನ್ನೂ ಅವನು ಹೊಡೆಯಲಿಲ್ಲ. ಪ್ರತಿ ಎಲೆಕ್ಷನ್ನಿಗೂ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು ಅಂತ ಆರ್ಡರ್ ಬರುತ್ತದಲ್ಲ? ಬಂದ ದಿನವೇ ಹೋಗಿ ಒಪ್ಪಿಸುತ್ತಿದ್ದ. ರಿನೀವಲ್ಲಿಗೂ ಅಷ್ಟೇ, ಎಲ್ಲರಿಗಿಂತ ಮೊದಲು.

ಬದುಕಿದ್ದಾಗ ಒಂದು ದಿನವೂ ತಡ ಮಾಡದವನು ಸತ್ತ ಮೇಲೆ ತಡ ಮಾಡಿದ.

ಕಾನೂನು ಹೇಳುವುದಿಷ್ಟು. ಬಂದೂಕಿನ ಲೈಸೆನ್ಸು ಮನೆಗೆ ಕೊಟ್ಟದ್ದಲ್ಲ, ಮನುಷ್ಯನಿಗೆ ಕೊಟ್ಟದ್ದು. ಅವನ ಉಸಿರು ನಿಂತರೆ ಅದೂ ನಿಂತಿತು. ಬಂದೂಕು ವಾರಸುದಾರರ ಸ್ವತ್ತೇ, ಇಲ್ಲ ಅನ್ನುವುದಿಲ್ಲ. ಆದರೆ ತಮ್ಮ ಹೆಸರಿಗೆ ಲೈಸೆನ್ಸ್ ಆಗುವವರೆಗೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು. ಯಾವಾಗ? ‘ಅನಗತ್ಯ ವಿಳಂಬವಿಲ್ಲದೆ.’

ಸೂತಕ ಅಗತ್ಯ ವಿಳಂಬವೋ, ಅನಗತ್ಯ ವಿಳಂಬವೋ? ಕಾನೂನು ಬರೆದವರ ಮನೆಯಲ್ಲಿ ಯಾರೂ ಸತ್ತಿರಲಿಲ್ಲವೇ?

(ಇಷ್ಟಾಗಿಯೂ ಕಾನೂನು ತಪ್ಪು ಅಂತ ನಾನು ಹೇಳಲಾರೆ. ಯಜಮಾನನಿಲ್ಲದ ಬಂದೂಕು ಯಾವ ಕುಡುಕನ ಕೈಗೆ ಹೋಗುತ್ತದೋ, ಯಾವ ದಾಯಾದಿಯ ಜಗಳಕ್ಕೆ ಎದ್ದು ಬರುತ್ತದೋ ಯಾರಿಗೆ ಗೊತ್ತು? ನನ್ನ ಸಿಟ್ಟು ಬೇರೆ. ಅಷ್ಟು ಸಲ ರಿನೀವಲ್ ಮಾಡಿಸಿದ ಮನುಷ್ಯನಿಗೆ ‘ನೀನು ಸತ್ತರೆ ಮನೆಯವರು ಹೀಗೆ ಮಾಡಬೇಕು’ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತೇ?)

ಈಗ ಮಂಜುಳಾ ವಿಷಯಕ್ಕೆ ಬರುತ್ತೇನೆ. ಕ್ಯಾತಣ್ಣನ ಒಬ್ಬಳೇ ಮಗಳು. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು ಅಂತ ಕುರಿ ಮಂದೆಯ ಹಿಂದೆಯೇ ಓಡಿ ಓಡಿ ಪ್ರಾಕ್ಟೀಸ್ ಮಾಡಿದ ಹುಡುಗಿ. ಸೆಲೆಕ್ಟ್ ಆಗಿದ್ದಳು. ಪೊಲೀಸ್ ವೆರಿಫಿಕೇಷನ್ ಒಂದು ಬಾಕಿ ಇತ್ತು. ಅಂದರೆ ಇವಳ ಮೇಲೆ ಯಾವ ಕೇಸೂ ಇಲ್ಲ ಅಂತ ಠಾಣೆಯವರು ಬರೆದು ಕಳಿಸುವುದು. ಅಪ್ಪ ಬದುಕಿದ್ದಾಗ ಬಂದೂಕಿಗೆ ಎಣ್ಣೆ ಹಾಕುವುದು, ಒರೆಸುವುದು, ಬೀರುವಿನಲ್ಲಿ ಇಟ್ಟು ಬೀಗ ಹಾಕುವುದು ಎಲ್ಲ ಇವಳದೇ ಕೆಲಸ. ಅಪ್ಪ ಸತ್ತ ಮೇಲೂ ಬೀಗದ ಕೈ ಇವಳ ಹತ್ತಿರವೇ ಇತ್ತು. ದಿನಾ ತೆಗೆದು ಒರೆಸಿ ಇಡುತ್ತಿದ್ದಳಂತೆ. ಅವಳು ಅಪ್ಪನಿಗಾಗಿ ಅತ್ತದ್ದು ಹಾಗೆ.

ಅವಳ ತಾಯಿ ಈರಕ್ಕನಿಗೆ ಬಂದೂಕು ಕಂಡರಾಗದು. ಮದುವೆಯಾಗಿ ಬಂದ ದಿನದಿಂದ ಅದನ್ನು ಮುಟ್ಟಿದವಳಲ್ಲ.

ಎಡೆ ಇಟ್ಟಾಗ ಮಂಜುಳಾ ಒಂದು ಫೋಟೋ ತೆಗೆದಳು. ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದಳು. ‘ಅಪ್ಪ ಮತ್ತು ಅಪ್ಪನ ಜತೆಗಾರ’ ಅಂತ ಕೆಳಗೊಂದು ಸಾಲು. ಪೊಲೀಸ್ ಆಗಲಿರುವ ಹುಡುಗಿಯ ಫೋನಿನಲ್ಲಿ ಯಾರ ನಂಬರುಗಳಿರುತ್ತವೆ? ಪೊಲೀಸರವೇ!

ನಾವು ಉಂಡು ಕೈ ತೊಳೆದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತಿಮ್ಮಣ್ಣನಿಗೆ ಫೋನ್ ಬಂತು. ಠಾಣೆಯಿಂದ. ಬಂದೂಕು ಎಲ್ಲಿದೆಯೋ ಅಲ್ಲೇ ಇರಲಿ, ನಾವೇ ಬರುತ್ತಿದ್ದೇವೆ.

ತಿಮ್ಮಣ್ಣ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. “ಮೇಷ್ಟ್ರೇ, ನಿಮ್ಮಜ್ಜಾರು ಕೂಡ್ಸಿದ್ದು. ನೀವೇ ಬಿಚ್ ಕೊಡ್ರಿ. ನಳಿಗೆ ಒಂದ್ ಮನ್ಯಾಗೆ, ಹಿಡಿ ಒಂದ್ ಮನ್ಯಾಗೆ ಇಕ್ತೀವಿ. ಬಿಡಿಬಿಡಿಯಾಗಿದ್ರೆ ಅದು ಬಂದೂಕ ಹೆಂಗಾಗ್ತೈತೆ?”

“ಹಂಗಲ್ಲ ತಿಮ್ಮಣ್ಣ. ಬರೀ ನಳಿಗೆ ಸಿಕ್ಕಿದರೂ ಕಾನೂನಿಗೆ ಅದು ಆಯುಧವೇ. ಗುಂಡು ತೋಟಾಗಳೂ ಅಷ್ಟೇ. ಒಂದು ಕೇಸು ಹೋಗಿ ಎರಡಾಗ್ತವೆ.”

ಬಂದೂಕು ಅಂದರೆ ಇಡೀ ಬಂದೂಕು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಬಿಡಿಭಾಗಗಳೂ ಅದೇ ಕಾಯ್ದೆಯೊಳಗೆ ಬರುತ್ತವೆ. ಸದ್ದು ಅಡಗಿಸಲು ನಳಿಗೆಯ ತುದಿಗೆ ಹಾಕುವ ಸೈಲೆನ್ಸರನ್ನಂತೂ ನಿಮ್ಮಂಥ ನನ್ನಂಥವರು ಮುಟ್ಟುವ ಹಾಗೇ ಇಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಏನೇನೋ ತರಿಸಿಕೊಳ್ಳುವ ಹುಡುಗರಿಗೂ ಈ ಮಾತು.

ಜೀಪು ಬಂತು. ಸಬ್ ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ಚಪ್ಪಲಿ ಸಾಲು ನೋಡಿ ತಾವೂ ಬೂಟು ಬಿಚ್ಚಿ ಒಳಗೆ ಬಂದರು. ಫೋಟೋಗೆ ಕೈ ಮುಗಿದರು. ಕಾನ್‌ಸ್ಟೇಬಲ್ ಹಾರ ತೆಗೆದು, ಬಂದೂಕು ಬಿಚ್ಚಿ, ಒಳಗೆ ತೋಟಾ ಇಲ್ಲ ಅಂತ ನೋಡಿಕೊಂಡು ಮತ್ತೆ ಮುಚ್ಚಿದ.

“ನಿನ್ನೆ ನೀವಾಗೇ ಫೋನ್ ಮಾಡಿದ್ರೆ ಡಿಪಾಸಿಟ್ ಅಂತ ಬರ್ಕಂಡು ಹೋಗ್ತಿದ್ದೆ,” ಅಂದರು ಇನ್‌ಸ್ಪೆಕ್ಟರ್. “ಇವತ್ತು ಈ ಫೋಟೋ ನಮ್ ಮೇಲಿನೋರ ಫೋನ್‌ಗೂ ಹೋಗೈತೆ. ಬಿಟ್ರೆ ನನ್ ಕುತ್ತಿಗೆಗೆ ಬರ್ತೈತೆ. ಈಗ ಹೇಳ್ರಿ, ಇಷ್ಟು ದಿನ ಇದು ಯಾರ ಸುಪರ್ದಿನಾಗಿತ್ತು?”

ಮನೆ ತುಂಬ ನೆಂಟರು.

ಮಂಜುಳಾ ಮುಂದೆ ಬಂದಳು. “ಸಾರ್, ಅದು...”

“ನನ್ ಸುಪರ್ದಿ,” ಅಂದಳು ಈರಕ್ಕ. ಮೂಲೆಯಲ್ಲಿ ಕುಳಿತಿದ್ದವಳು ಎದ್ದು ಬಂದು ಮಗಳ ಕೈ ಹಿಡಿದಳು. ಬಿಗಿಯಾಗಿ ಹಿಡಿದಿದ್ದಳು. ಮಗಳ ಮುಖ ಕಿವುಚಿದ್ದು ನನಗೆ ಕಂಡಿತು. “ಫೋಟ ತೆಗೆದದ್ದು ಇವಳು. ಬಂದೂಕ ಇಕ್ಕಿದ್ದು ನಾನು. ನನ್ ಗಂಡಂದು, ನಾನಲ್ದೆ ಇನ್ಯಾರ್ ಇಕ್ಕತಾರೆ?”

“ನೀನೇ ಇಟ್ಟಿದ್ದೇನಮ್ಮ?”

“ಹ್ಞೂಂ ಸಾಮಿ.”

ಇನ್‌ಸ್ಪೆಕ್ಟರ್ ಬಂದೂಕನ್ನು ಅವಳ ಕೈಗೆ ಕೊಟ್ಟರು. “ತೋಟಾ ಎಲ್ಲಿ ಹಾಕ್ತಾರೆ? ತೋರ್ಸು.”

ಈರಕ್ಕ ಬಂದೂಕು ಹಿಡಿದಳು. ಒನಕೆ ಹಿಡಿದ ಹಾಗೆ, ಎರಡೂ ಕೈಯಲ್ಲಿ, ನಳಿಗೆಯ ಬಾಯಿ ಕೆಳಗೆ ಮಾಡಿ. ಎಲ್ಲಿ ಬಿಚ್ಚುತ್ತದೆ ಅಂತ ತಡಕಾಡಿದಳು. ತಡಕಾಡುತ್ತಲೇ ಇದ್ದಳು. ಪಕ್ಕದಲ್ಲಿ ಮಂಜುಳಾಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಅಲ್ಲಾಡಿದವು. ಅವಳಿಗೆ ಅದು ಕಣ್ಣು ಮುಚ್ಚಿದರೂ ಬರುತ್ತಿತ್ತು.

ಕೊನೆಗೆ ಈರಕ್ಕ ನಳಿಗೆಯ ತುದಿ, ಗುಂಡು ಹೊರಗೆ ಹಾರುವ ಕಡೆ, ತೋರಿಸಿದಳು. “ಇಲ್ಲಿ.”

ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರ್ ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಮಗಳ ವೆರಿಫಿಕೇಷನ್ ಅವರ ಠಾಣೆಗೇ ಬರಬೇಕಾದದ್ದು. ಅವರಿಗೆ ಎಲ್ಲ ಅರ್ಥವಾಗಿತ್ತು ಅನ್ನುವುದಕ್ಕೆ ನಾನು ಸಾಕ್ಷಿ.

“ಈಯಮ್ಮ ಇಟ್ಕಂಡಿದ್ರು ಅಂತ ಬರ್ಕೋ,” ಅಂದರು ಕಾನ್‌ಸ್ಟೇಬಲ್ಲಿಗೆ. “ಹೆಸರೇನಮ್ಮ?”

ಅದು ಕರುಣೆಯೋ? ಯಾರದಾದರೂ ಒಂದು ಹೆಸರು ಬಿದ್ದರೆ ಸಾಕು ಅನ್ನುವ ಆತುರವೋ? ನಾನಿನ್ನೂ ತೀರ್ಮಾನ ಮಾಡಿಲ್ಲ.

ಈರಕ್ಕ ಜೀಪು ಹತ್ತುವಾಗ ಮಂಜುಳಾ ಓಡಿ ಬಂದು, “ಅವ್ವಾ, ನಾನು ಹೇಳ್ತೀನಿ ಬಿಡು, ನಾನೇ ಇಟ್ಟಿದ್ದು ಅಂತ ಹೇಳ್ತೀನಿ,” ಅಂತ ಅಳತೊಡಗಿದಳು. ಈರಕ್ಕನ ಕಣ್ಣಲ್ಲಿ ಒಂದು ಹನಿ ಇಲ್ಲ. “ಬಾಯ್ಮುಚ್ಚಲೇ. ನಿಮ್ಮಪ್ಪ ನಿನ್ನ ಪೊಲೀಸ್ ಮಾಡ್ಬೇಕು ಅಂದಿದ್ದ. ನನ್ನ ಏನ್ ಮಾಡ್ಬೇಕು ಅಂದಿದ್ದ? ಏನೂ ಅಂದಿರ್ಲಿಲ್ಲ. ಒಳಗೆ ನಡಿ, ನೆಂಟ್ರು ಕುಂತವ್ರೆ.”

ಮ್ಯಾಜಿಸ್ಟ್ರೇಟರ ಮುಂದೆ ನಿಂತಳು. ಜಾಮೀನಾಯಿತು. ಗಂಡನ ತಿಥಿಯ ದಿನ ಮನೆಯಿಂದ ಹೊರಗೆ ಕಾಲಿಟ್ಟ ಹೆಂಗಸು ಆರೋಪಿಯಾಗಿ ಮನೆಗೆ ಬಂದಳು. ಈಗ ಕೋರ್ಟು ಕರೆದಾಗಲೆಲ್ಲ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಹೆಸರು ಕೂಗುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ. ಒಮ್ಮೆ ನಾನೂ ಜೊತೆಗೆ ಹೋಗಿ ಕುಳಿತಿದ್ದೆ. ‘ಜೈಲಾಗ್ತದಾ ಮೇಷ್ಟ್ರೇ?’ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದು ಬೇರೆ. “ತಾಯಿ ಮ್ಯಾಲೆ ಕೇಸಿದ್ರೆ ಮಗಳ ನೌಕರಿಗೆ ಏನಾರ ಆಗ್ತೈತಾ?”

ಆಗಲಿಲ್ಲ. ಮಂಜುಳಾ ಹೆಸರಿನ ಮುಂದೆ ಯಾವ ಕೇಸೂ ಇರಲಿಲ್ಲ. ಟ್ರೇನಿಂಗಿಗೆ ಹೋದಳು.

ನಿಮ್ಮ ಮನೆಯಲ್ಲಿ, ನಿಮ್ಮ ಮಾವನ ಮನೆಯಲ್ಲಿ, ಪಕ್ಕದ ತೋಟದಲ್ಲಿ ಲೈಸೆನ್ಸಿನ ಬಂದೂಕು ಇದ್ದರೆ ದಯವಿಟ್ಟು ಇವತ್ತೇ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ಸಾವಿನ ಮಾತು ಅಪಶಕುನ ಅಂತ ಹೆದರಬೇಡಿ. ಹೆಣಕ್ಕೆ ಚಟ್ಟ ಕಟ್ಟುವುದಕ್ಕೆ ಮೊದಲು ಠಾಣೆಗೆ ಒಂದು ಫೋನ್ ಮಾಡಿ. ಅವರೇ ಬಂದು ಒಯ್ಯುತ್ತಾರೆ. ರಸೀದಿ ಕೇಳಿ ಪಡೆಯಿರಿ. ವಾರಸುದಾರರು ಆಮೇಲೆ ನಿಧಾನವಾಗಿ ಅರ್ಜಿ ಹಾಕಿಕೊಳ್ಳಬಹುದು. ಸತ್ತವರು ಬೇಜಾರು ಮಾಡಿಕೊಳ್ಳುವುದಿಲ್ಲ. ಎಡೆಗೆ ಬೀಡಿ ಸಾಕು.

ಇಷ್ಟು ಹೇಳಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಈ ವಾರದ ಆ ಫೋನು.

ಮಂಜುಳಾ ಮಾಡಿದ್ದಳು. ಟ್ರೇನಿಂಗ್ ಸೆಂಟರಿನಿಂದ. ಊಟ ಸರಿ ಐತಾ, ಕಾಲುನೋವು ಐತಾ ಅಂತ ನಾನೇ ಏನೇನೋ ಕೇಳಿದೆ.

“ಮಾಮ, ಇವತ್ತು ಫಸ್ಟ್ ಟೈಮ್ ನಮ್ ಕೈಗೆ ರೈಫಲ್ ಕೊಟ್ರು,” ಅಂದಳು. “ನಾನು ಹಿಡ್ಕಂಡಿದ್ ನೋಡಿ ನಮ್ ಡ್ರಿಲ್ ಉಸ್ತಾದ್ರು ಹತ್ರ ಬಂದ್ರು. ‘ಏನಮ್ಮ, ಮೊದ್ಲೇ ಬಂದೂಕ ಹಿಡಿದು ಅಭ್ಯಾಸ ಐತಾ? ಯಾರ್ ಕಲ್ಸಿದ್ರು?’ ಅಂತ ಕೇಳಿದ್ರು.”

“ನೀನೇನಂದೆ?”



“‘ಇಲ್ಲ ಸಾರ್, ಯಾರೂ ಕಲ್ಸಿಲ್ಲ. ನಮ್ ಮನ್ಯಾಗೆ ನಾನು ಬಂದೂಕ ಮುಟ್ಟೇ ಇಲ್ಲ’ ಅಂದೆ ಮಾಮ.”

ಹನ್ನೊಂದಕ್ಕೆ ಸೂತಕ ಕಳೆಯಿತು ಅಂದಿದ್ದನಲ್ಲ ತಿಮ್ಮಣ್ಣ, ಎಲ್ಲಿ ಕಳೆಯಿತು?