ಜಬೀನ್ ಬರೆದ ಉಸಿರಿನ ಚಿತ್ರ

ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಪಾಲಿಶ್ ಶೆಡ್ಡುಗಳಲ್ಲಿ ದುಡಿಯುವವರ ಎದೆಯಲ್ಲಿ ಉಸಿರಿನ ಬಲ ಎಷ್ಟು ಉಳಿದಿದೆ ಎಂದು ಅಳೆದು ಬರೆದಿಡುವುದು ಜಬೀನಳ ಕೆಲಸ. ಸಣ್ಣದೊಂದು ಸಂಸ್ಥೆ, ಅವಳೂ ಸೇರಿ ಮೂವರು. ಅವಳ ತಂದೆ ಬಂದೇಅಲಿ ಕೂಡ ಅದೇ ಕಲ್ಲಿನ ಧೂಳು ನುಂಗಿ ತೀರಿಕೊಂಡಿದ್ದ.

ಸಂಸ್ಥೆಯ ಮುಖ್ಯಸ್ಥ ಸುರೇಶಕುಮಾರ ವರದಿಗೆಂದು ಮಾಡಿಸಿದ್ದ ಚಿತ್ರದಲ್ಲಿ ಶೆಡ್ಡಿಗೊಂದರಂತೆ ಬಣ್ಣದ ಕಂಬಗಳಿದ್ದವು. ನಿನ್ನೆ ಸೇರಿದವರು, ಇಪ್ಪತ್ತು ವರ್ಷ ದುಡಿದವರು ಎಲ್ಲರನ್ನೂ ಕೂಡಿಸಿ ತೆಗೆದ ಸರಾಸರಿ. ಕಂಬಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ; ಯಾರಿಗೂ ಏನೂ ಆಗಿಲ್ಲ ಎನ್ನುವಂತಿತ್ತು. ಜಬೀನ್ ಬೇರೆಯದನ್ನೇ ಬರೆದಳು. ಒಬ್ಬ ಕೆಲಸಗಾರನಿಗೆ ಒಂದು ಚುಕ್ಕಿ. ಅಡ್ಡಗೆರೆಯಲ್ಲಿ ದುಡಿದ ವರ್ಷಗಳು, ಮೂವತ್ತೈದರವರೆಗೆ. ಉದ್ದಗೆರೆಯಲ್ಲಿ ಉಸಿರಿನ ಬಲ. ಚುಕ್ಕಿಗಳು ಎಡದಿಂದ ಬಲಕ್ಕೆ ಇಳಿಯುತ್ತ ಹೋದವು.

ಮೊದಲು ಶೆಡ್ಡಿನವರಿಗೇ ತೋರಿಸಿದಳು. ಮಶಿನ್ ನಿಲ್ಲಿಸಿ ಬಂದ ರಾಮಲಿಂಗ ಹಾಳೆಯನ್ನು ಬಹಳ ಹೊತ್ತು ನೋಡಿದ.

“ಇದರಾಗ ನಾ ಎಲ್ಲಿದ್ದೀನಿ, ಬೇಟಾ?”

“ಇಲ್ಲಿ, ಕಾಕಾ. ಇಪ್ಪತ್ತೊಂದು ವರ್ಷ.”

ಅವನ ಬೆರಳು ಅಲ್ಲಿಂದ ಬಲಕ್ಕೆ ಸರಿಯಿತು. ಇಪ್ಪತ್ನಾಲ್ಕು ದಾಟಿದ ಮೇಲೆ ಹಾಳೆ ಬರಿದಾಗಿತ್ತು.

“ಇಲ್ಲಿಂದ ಮುಂದ ಯಾರೂ ಇಲ್ಲೇನು?”

ಜಬೀನ್ ಆ ಖಾಲಿ ಜಾಗದ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು.

ಆಮೇಲೆ ಒಂದು ತಿಂಗಳು ಅವಳು ಶಹಾಬಾದ ಮತ್ತು ಹತ್ತಿರದ ವಾಡಿ ಊರಿನ ಓಣಿಗಳಲ್ಲಿ ಕೆಲಸ ಬಿಟ್ಟ ಹಳಬರನ್ನು ಹುಡುಕಿ ಅಲೆದಳು. ಮೂವತ್ತೊಂದು ಮನೆ ಸಿಕ್ಕವು. ಇಪ್ಪತ್ತಾರರಲ್ಲಿ ಬಾಗಿಲಿಗೆ ಬಂದು ಮಾತಾಡಿದವರು ವಿಧವೆಯರು. ಸತ್ತವನು ಬದುಕಿ ದುಡಿಯುತ್ತಿದ್ದರೆ ಈಗ ಎಷ್ಟನೇ ವರ್ಷವಾಗುತ್ತಿತ್ತೋ ಅಲ್ಲಿ, ತೀರ ಕೆಳಗೆ, ಬಣ್ಣ ತುಂಬದ ಒಂದೊಂದು ಉಂಗುರ ಬರೆದಳು.

ಸುರೇಶಕುಮಾರ ಚಿತ್ರ ನೋಡಿ ಒಪ್ಪದವನಂತೆ ತಲೆಯಾಡಿಸಿದ.

“ಸತ್ತವರ ಉಸಿರು ಅಳತಿ ಮಾಡೀರೇನ್ರಿ? ಅಳೀಲಾರದ್ದು ಚಿತ್ರದಾಗ ಬರಂಗಿಲ್ಲ. ಈ ಬಲಗಡಿದು ಕತ್ತರಿಸಿ ಹಾಕ್ರಿ.”

“ಕತ್ತರಿಸಿದ್ರ ಎಲ್ಲಾರೂ ಬದುಕ್ಯಾರ ಅಂತ ಕಾಣ್ತದ್ರಿ, ಸರ್.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳನ್ನು ಹೆಚ್ಚು ನೋಯಿಸಿದ್ದೂ ಅದೇ. ಇಪ್ಪತ್ನಾಲ್ಕಕ್ಕೇ ಮುಗಿದ ಚಿತ್ರದೊಂದಿಗೆ ವರದಿ ಅಚ್ಚಾಯಿತು.

ಜಬೀನ್ ಪೂರ್ತಿ ಚಿತ್ರವನ್ನು ದೊಡ್ಡ ಹಾಳೆಗೆ ಇಳಿಸಿ ಶೆಡ್ಡಿನ ಗೋಡೆಗೆ ಮೊಳೆ ಹೊಡೆದಳು. ಮೂರನೆಯ ದಿನ ರಾಮಲಿಂಗ ಹೇಳಿ ಕಳಿಸಿದ. ಅವಳು ಹೋದಾಗ ಬಾಯಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದ.

“ನೀ ಬರ್ದಿದ್ದು ಖರೇನೇ ಅದ, ಬೇಟಾ. ಆದ್ರ ತೆಗಿ. ಅದನ್ನ ನೋಡ್ಕೋತ ಮಶಿನ್ ಹಿಡೀಲಿಕ್ಕ ಆಗವಲ್ದು. ನಮಗ ಬ್ಯಾರೆ ಕೆಲಸ ಎಲ್ಲದ?”

ಅವಳು ಒಂದೊಂದೇ ಮೊಳೆ ಕಿತ್ತಳು. ಹಾಳೆ ಸುತ್ತಿಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಮಶಿನ್ ಶುರುವಾಗಿತ್ತು.